ಇತರೆ

ಸಿದ್ದಾಪುರದಿಂದ ಒಳಗೆ, ಜೀಪು ಸೋಲುವ ತಿರುವಿನಾಚೆ
ಲೈನ್‌ಮನೆಯ ಜಗಲಿಯಲ್ಲಿ ಪೆಟ್ಟಿಗೆ ಬಿಚ್ಚಿ ಯಂತ್ರ ಹೊರಗಿಟ್ಟೆ.
ನಮ್ಮ ಅಧ್ಯಯನದ ಮುನ್ನೂರ ಹದಿನೇಳನೆಯ ಶ್ವಾಸಕೋಶ
ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ ಬಂದು
ಸ್ಟೂಲಿನ ಮೇಲೆ ಕೂತಿತು.

ಹೆಸರು: ವೈ. ಸಿ. ಬೊಜ್ಜಿ.
ಆ ವೈ ಎಂದರೆ ಎರವರು;
ಆಶ್ರಮಶಾಲೆಯ ಮೇಷ್ಟ್ರು ಮಗನಿಗೆ ಅಂಟಿಸಿದ ಅಕ್ಷರ
ರೇಷನ್ ಕಾರ್ಡಿನ ದಾರಿ ಹಿಡಿದು
ಅಮ್ಮನವರೆಗೂ ಬಂದಿತ್ತು.
ವಯಸ್ಸು?
"ಪಲ್ಪರಿಗೆ ಕರೆಂಟು ಬಂದ ವರ್ಷ
ನಾನು ಉದುರಿದ ಕಾಳುಮೆಣಸು ಹೆಕ್ಕುತ್ತಿದ್ದೆ."
ಆಧಾರಿನಲ್ಲಿ ಜನವರಿ ಒಂದು.
ಆ ಸಾಲಿನಲ್ಲಿ ಎಲ್ಲರೂ ಜನವರಿ ಒಂದಕ್ಕೇ ಹುಟ್ಟಿದವರು.
ಐವತ್ತೆರಡು ಎಂದು ಒತ್ತಿದೆ.
ಎತ್ತರ, ಗೋಡೆಗೆ ಟೇಪು ಹಿಡಿದು, ನೂರ ನಲವತ್ತೈದು.

ಆಮೇಲೆ ಯಂತ್ರ ಕೇಳಿತು: ಜನಾಂಗ?
ಬಿಳಿಯರು. ಕರಿಯರು. ಏಷ್ಯಾದಲ್ಲೇ ಎರಡು ದಿಕ್ಕು,
ಎರಡೂ ನಮ್ಮದಲ್ಲ.
ಕೊನೆಗೆ, ಬೇರೆಲ್ಲ ಮುಗಿದ ಮೇಲೆ, ಇತರೆ.

"ಏನಂತೆ ಅದು?"
"ನೀವು ಯಾವ ಜನ ಅಂತ."
ಬೊಜ್ಜಿ ನಕ್ಕರು. ನಗು ಕೆಮ್ಮಾಯಿತು.
ಕೆಮ್ಮು ಮುಗಿಯುವವರೆಗೆ ನಾನು
ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು.
"ಉಸಿರಿಗೂ ಜಾತಿ ಕೇಳ್ತದಾ ಇದು?"

ಅಷ್ಟರಲ್ಲಿ ವಾಚರನ ಫೋನು: ಕೆರೆಯ ಹತ್ತಿರ ಆನೆ, ಯಾರೂ ಕದಲಬೇಡಿ.
ಕದಲದೆ ಕೂತೆವು. ಒಳಗೆ ಒಲೆ,
ಹಸಿ ಸಿಲ್ವರ್ ಓಕಿನ ಹೊಗೆ,
ಹೊರಗೆ ಹೋಗಲು ಅದಕ್ಕೂ ಭಯವಿದ್ದ ಹಾಗೆ
ಹೆಂಚಿನ ಕೆಳಗೇ ಸುತ್ತುತ್ತಿತ್ತು.

ಆನೆ ಹೋದ ಸುದ್ದಿ ಬಂತು.
ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ.
ಎಳೆಯಿರಿ, ಎಳೆಯಿರಿ, ಈಗ ಊದಿ!
ಊದಿ ಊದಿ ಊದಿ ಊದಿ ಇನ್ನೂ ಇದೆ ಇನ್ನೂ ಇದೆ
ಎಂದು ನಾನು ಕೂಗುತ್ತೇನೆ, ದಿನಕ್ಕೆ ನೂರು ಸಲ,
ಇಲ್ಲದ್ದನ್ನು ಇದೆ ಎನ್ನುವ ಸಂಬಳ ನನ್ನದು.
ಪರದೆಯ ಮೇಲೆ ಮೇಣದ ಬತ್ತಿಗಳ ಸಾಲು,
ಮಕ್ಕಳಿಗೆಂದು ಮಾಡಿದ ಚಿತ್ರ,
ಆರು ಬತ್ತಿಯಲ್ಲಿ ಮೂರು ಆರಿದವು.

ಕ್ಲಿಪ್ಪು ಕಿತ್ತು ಬೊಜ್ಜಿ ಕೇಳಿದರು:
"ನಾನು ಹುಟ್ಟಿದಾಗಿನಿಂದ ಹೊತ್ತಿಸಲಿಕ್ಕೆ ಊದಿದವಳು.
ಆರಿಸಲಿಕ್ಕೆ ಊದಿಸುವವರು ನೀವೇ ಮೊದಲು."
ಒಲೆಯ ಬದಿಯ ಊದುಗೊಳವೆ ತೋರಿಸಿದರು, ಬಿದಿರಿನದು,
ಬಾಯಿ ತಾಗುವಲ್ಲಿ ಸವೆದು ಹೊಳೆಯುತ್ತಿತ್ತು.

ಒಂದು ಪಾಯಿಂಟು ನಾಲ್ಕು ಎರಡು ಲೀಟರು.
ಬಿಳಿಯರು ಎಂದು ಒತ್ತಿದರೆ ಅರವತ್ತೆಂಟು ಶೇಕಡಾ,
ಕೆಂಪು ಅಕ್ಷರ, ಇನ್‌ಹೇಲರು, ಮಡಿಕೇರಿಗೆ ಚೀಟಿ.
ಇತರೆ ಎಂದು ಒತ್ತಿದರೆ ಎಂಬತ್ತೊಂದು.
ಹಸಿರು. ಇಷ್ಟೇ ಉಸಿರು ಸಾಕು ಇಂಥವರಿಗೆ
ಎಂದು ಎಲ್ಲೋ ಯಾರೋ ಮೊದಲೇ ಲೆಕ್ಕ ಹಾಕಿಟ್ಟಿದ್ದಾರೆ.
ಮೇಡಂಗೆ ಫೋನು ಮಾಡಿದೆ.
"ನನಗೂ ಗೊತ್ತು ಕಣೋ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು,
"ಪ್ರೋಟೋಕಾಲಿನಲ್ಲಿ ಏನಿದೆಯೋ ಅದೇ ಹಾಕು."

"ಪಾಸಾ, ಫೇಲಾ?"
ಪಾಸು ಎಂದೆ.
"ನೋಡು" ಎಂದರು ಪಕ್ಕದ ಮನೆಯ ಬಾಗಿಲಿಗೆ,
"ನಮ್ಮ ಮನೆಯಲ್ಲಿ ಪಾಸಾದವಳು ನಾನೊಬ್ಬಳೇ!"
ಬಾಗಿಲು ನಕ್ಕಿತು. ಅದಕ್ಕೂ ಕೆಮ್ಮಿತ್ತು.

ರಾತ್ರಿ ಲಾಡ್ಜಿನಲ್ಲಿ, ಊಟ ತಣ್ಣಗಾಗುತ್ತಿರಲು,
ನಾನೇ ನನ್ನ ಮೂಗು ಹಿಡಿದು ಊದಿದೆ.
ಬಿಳಿಯ ಎಂದು ಕೊಟ್ಟಾಗ ನಾನು ರೋಗಿ.
ಇತರೆ ಎಂದಾಗ ಗುಣವಾದೆ,
ಔಷಧಿಯಿಲ್ಲದೆ, ಒಂದು ಬೆರಳಿನಿಂದ.
ಷರಾ ಎಂಬ ಕಾಲಮ್ಮು ಮುನ್ನೂರ ಹದಿನಾರು ಸಾಲು ಖಾಲಿಯಿತ್ತು.
ಮುನ್ನೂರ ಹದಿನೇಳರಲ್ಲಿ ಬರೆದೆ:
ಒಲೆ ಊದುತ್ತಾರೆ. ಎರಡೂ ಲೆಕ್ಕ ನೋಡಿ.

ಬೆಳಿಗ್ಗೆ, ಎಂದಿನಂತೆ,
ಮೂರು ಲೀಟರಿನ ಸಿರಿಂಜಿನಿಂದ ಯಂತ್ರಕ್ಕೆ ಗಾಳಿ ತಳ್ಳಿ
ಸರಿಯಿದೆಯೇ ಎಂದು ಪರೀಕ್ಷಿಸಿದೆ.
ಸಿರಿಂಜಿನ ಜನಾಂಗವನ್ನು ಅದು ಕೇಳುವುದಿಲ್ಲ.
ಮೂರು ಎಂದರೆ ಅದಕ್ಕೆ ಮೂರೇ.